ಓಲ್ಡೆನ್‌ಬರ್ಗ್ ಸೇಬರ್ ಕೊಳ್ಳುವ ಮುಂಚೆ ಅಲಗಿನ ಬೆನ್ನು ನೋಡಿ

‘ಓಲ್ಡೆನ್‌ಬರ್ಗ್ ಅಶ್ವದಳದ ಅಪರೂಪದ ಸೇಬರ್’ (ಕುದುರೆ ಸವಾರರ ಬಾಗಿದ ಕತ್ತಿ) ಎಂದು ಹರಾಜಿನಲ್ಲಿ ಹಲವು ಪಟ್ಟು ಬೆಲೆಗೆ ಹೋದ ಕತ್ತಿ, ಕೈಗೆ ಬಂದ ಮೇಲೆ ನೋಡಿದರೆ ದೊಡ್ಡ ಜರ್ಮನ್ ರಾಜ್ಯವಾದ ಪ್ರಷ್ಯದ ಮಾಮೂಲಿ 1811ರ ಮಾದರಿ. ಓಲ್ಡೆನ್‌ಬರ್ಗ್‌ನಂಥ ಸಣ್ಣ ಜರ್ಮನ್ ಸಂಸ್ಥಾನಗಳ ಹೆಸರಲ್ಲಿ ಈ ಮೋಸ ಸುಲಭ. ಬ್ರಿಟಿಷರ 1796ರ ಕತ್ತಿಯಿಂದ ಬಂದ ಈ ಆಕಾರ, ಅಂದರೆ ಒಂಟಿ ಪಟ್ಟಿಯ ಕಬ್ಬಿಣದ ಹಿಡಿ, ಅಗಲವಾಗಿ ಬಾಗಿದ ಅಲಗು, ಎರಡು ಉಂಗುರದ ಒರೆ, ಹಲವು ಸಂಸ್ಥಾನಗಳಲ್ಲಿ ಹೆಚ್ಚುಕಡಿಮೆ ಒಂದೇ. ಬೆಲೆ ಏರಿಸುವುದು ಅಲಗಿನ ಮೇಲೆ ಒತ್ತಿದ ಸಂಸ್ಥಾನದ ಮುದ್ರೆ ಮಾತ್ರ.

ಈ ಕತ್ತಿಯ ಬೆನ್ನಿನ ಮೇಲೆ, ಅಂದರೆ ಅಲಗಿನ ಮೊಂಡು ಬದಿಯಲ್ಲಿ, ಕಿರೀಟದ ಕೆಳಗೆ ‘ಪಿ’ ಇತ್ತು, ಗ್ರಾಂಡ್ ಡ್ಯೂಕ್ ಪೀಟರನದು. ಪಕ್ಕದಲ್ಲಿ ‘48’, ಅಂದರೆ 1848. ಪೀಟರ್ ಪಟ್ಟಕ್ಕೆ ಬಂದದ್ದು 1853ರಲ್ಲಿ. ಇಷ್ಟಕ್ಕೇ ನಕಲಿ ಅನ್ನಬೇಡಿ, ಹಳೆಯ ಕತ್ತಿಗೆ ಹೊಸ ಮುದ್ರೆ ಒತ್ತಿ ಮತ್ತೆ ಬಳಸುವುದು ಸೈನ್ಯಗಳಲ್ಲಿ ಇದ್ದದ್ದೇ. ಆದರೆ ಉಕ್ಕಿನ ಅಳತೆಪಟ್ಟಿಯ ನೇರ ಅಂಚನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು ದೀಪಕ್ಕೆ ಎದುರು ನೋಡಿದಾಗ, ‘ಪಿ’ ಇದ್ದ ಜಾಗದಲ್ಲಿ ಮಾತ್ರ ಸಣ್ಣ ಸಂದಿಯಿಂದ ಬೆಳಕು ಬಂತು. ಅಲ್ಲಿದ್ದ ಪ್ರಷ್ಯ ದೊರೆ ಫ್ರೀಡ್ರಿಕ್ ವಿಲ್ಹೆಲ್ಮನ ‘ಎಫ್‌ಡಬ್ಲ್ಯು’ ಮುದ್ರೆಯನ್ನು ಅರದಿಂದ ಉಜ್ಜಿ ತೆಗೆದ ತಗ್ಗು ಅದು.

ಇನ್ನು ಹತ್ತುಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕಾದದ್ದು ತುಕ್ಕಿನ ಗುಳಿ. ಮುದ್ರೆ ಹಳೆಯದಾದರೆ ತುಕ್ಕು ಅಕ್ಷರವನ್ನು ತಿಂದಿರುತ್ತದೆ. ಇಲ್ಲಿ ಉಲ್ಟಾ: ಅಕ್ಷರದ ಅಂಚೇ ಗುಳಿಯನ್ನು ಕತ್ತರಿಸಿತ್ತು, ಸುತ್ತ ಮೇಲೆದ್ದ ಲೋಹದ ತುಟಿ ಇನ್ನೂ ಬೆರಳಿಗೆ ತಾಗುತ್ತಿತ್ತು. ನೂರೈವತ್ತು ವರ್ಷ ಒರೆಸಿ ಎಣ್ಣೆ ಹಚ್ಚಿದ ಕತ್ತಿಯಲ್ಲಿ ಆ ತುಟಿ ಉಳಿಯುವುದು ತೀರಾ ಕಷ್ಟ. ಅಕ್ಷರದೊಳಗಿನ ಕಪ್ಪನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಒತ್ತಿದರೆ, ಬಳಿದ ಬಣ್ಣವೋ ಮೇಣವೋ ಆಗಿದ್ದರೆ ಹತ್ತಿಗೆ ಬರುತ್ತದೆ. ಹಿಡಿಯ ಚರ್ಮಕ್ಕೆ ಮಾತ್ರ ತಗುಲಿಸಬೇಡಿ.

ಹಿಡಿಯ ತುದಿಯಲ್ಲಿ ಅಲಗಿನ ಬಾಲ (ಹಿಡಿಯೊಳಗೆ ಹಾಯುವ ಸಪೂರ ಭಾಗ) ಬಡಿದು ಕೂರಿಸಿದ ಗುಂಡಿಯನ್ನೂ ನೋಡಿ. ಅಲ್ಲಿ ಹೊಸ ಸುತ್ತಿಗೆ ಗುರುತು ಹೊಳೆಯುತ್ತಿದ್ದರೆ ಕತ್ತಿಯನ್ನು ಬಿಚ್ಚಿ ಜೋಡಿಸಿದ್ದಾರೆ. ಒರೆ ಬದಲಾಗಿದ್ದರೆ ದೊಡ್ಡ ವಿಷಯವಲ್ಲ, ಸೈನ್ಯದಲ್ಲೇ ಅದಲುಬದಲಾಗುತ್ತಿತ್ತು.

ದುಡ್ಡು ಕಳಿಸುವ ಮುಂಚೆ ಓರೆ ಬೆಳಕಿನಲ್ಲಿ ತೆಗೆದ ಬೆನ್ನಿನ ಫೋಟೊ ಕೇಳಿ, ‘ಓಲ್ಡೆನ್‌ಬರ್ಗ್’ ಎಂಬ ಮಾತನ್ನು ಬಿಲ್ಲಿನಲ್ಲೇ ಬರೆಸಿ. ಈಗಾಗಲೇ ಮೋಸ ಹೋಗಿದ್ದರೆ ಸುಳ್ಳು ಮುದ್ರೆಯನ್ನು ಉಜ್ಜಲು ಹೋಗಬೇಡಿ, ವಾಪಸ್ ಕೇಳುವಾಗ ಅದೇ ಸಾಕ್ಷಿ.