ಎರಡು ಮಾನಿಟರೋ, ಒಂದು ದೊಡ್ಡ ಮಾನಿಟರೋ: ಕರಡು ತಿದ್ದುವ ಮೇಜಿನ ಮೇಲೆ ಒಂದು ಹೋಲಿಕೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ, ಜಗಲಿಗೆ ಹೊಂದಿಕೊಂಡ ಸಣ್ಣ ಕೋಣೆಯೊಂದು ನನ್ನ ಕಚೇರಿ. ಮರುಮುದ್ರಣಕ್ಕೆ ಸಿದ್ಧವಾಗುವ ಹಳೆಯ ಪುಸ್ತಕಗಳ ಕರಡು ತಿದ್ದುವುದು ಮತ್ತು ಅವುಗಳ ಪುಟವಿನ್ಯಾಸ ಮಾಡುವುದು ನನ್ನ ಕೆಲಸ. ಕರಡು ತಿದ್ದುವಾಗ ಸ್ಕ್ಯಾನ್ ಮಾಡಿದ ಮೂಲಪುಟ ಮತ್ತು ಟೈಪಾಗಿ ಬಂದ ಪಠ್ಯ ಎರಡೂ ಕಣ್ಣೆದುರಿಗೇ ಇರಬೇಕು. ಈ ಕಾರಣಕ್ಕೆ ಮೊದಲು 24 ಇಂಚಿನ ಎರಡು ಮಾನಿಟರ್‌ಗಳನ್ನು ಕೊಂಡೆ. ಎರಡು ವರ್ಷಗಳ ಬಳಿಕ, ಕುತ್ತಿಗೆ ನೋವಿನಿಂದ ಬೇಸತ್ತು, 27 ಇಂಚಿನ ಒಂದನ್ನು ತಂದೆ. ಎರಡು ಸಣ್ಣವುಗಳ ಒಟ್ಟು ಬೆಲೆಯೂ ಒಂದು ದೊಡ್ಡದರ ಬೆಲೆಯೂ ಹೆಚ್ಚುಕಡಿಮೆ ಸಮನಾಗಿದ್ದುದರಿಂದ ಹೋಲಿಕೆಗೆ ಅರ್ಥವಿದೆ ಎನಿಸಿತು. ಕಳೆದ ಮಳೆಗಾಲದಲ್ಲಿ ಒಂದೇ ಪುಸ್ತಕದ ಮೊದಲರ್ಧವನ್ನು ಜೋಡಿಯ ಮೇಲೂ ಉಳಿದರ್ಧವನ್ನು ಒಂಟಿಯ ಮೇಲೂ ತಿದ್ದಿ ನೋಡಿದೆ.

ಮೊದಲು ಅಳತೆಯ ಮಾತು. ಮೂಲೆಯಿಂದ ಮೂಲೆಗೆ ಅಳೆದರೆ 24 ಇಂಚು ಬರುವ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ ಇರುತ್ತದೆ. ಅದರಲ್ಲಿ 1920 × 1080 ಪಿಕ್ಸೆಲ್‌ಗಳಿವೆ, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಚುಕ್ಕೆಗಳು. ನನ್ನ 27 ಇಂಚಿನದು ಸುಮಾರು 60 × 34 ಸೆಂಟಿಮೀಟರ್, 2560 × 1440 ಪಿಕ್ಸೆಲ್. ಗುಣಿಸಿ ನೋಡಿದರೆ ಜೋಡಿಯಲ್ಲಿ ಒಟ್ಟು 41 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, ಒಂಟಿಯಲ್ಲಿ 37 ಲಕ್ಷಕ್ಕೂ ಸ್ವಲ್ಪ ಕಡಿಮೆ. ಜಾಗದ ಲೆಕ್ಕದಲ್ಲಿ ಜೋಡಿಯದೇ ಮೇಲುಗೈ. ಆದರೆ ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ಕೇಳಿದರೆ ಸಣ್ಣದರಲ್ಲಿ 92, ದೊಡ್ಡದರಲ್ಲಿ 109. ಇಂಗ್ಲಿಷ್ ಓದುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಾಗದಿರಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಜೋತುಬೀಳುವ ಕನ್ನಡದಲ್ಲಿ ಅದು ಚೆನ್ನಾಗಿಯೇ ತಾಗುತ್ತದೆ. ‘ಅರ್ಥ’ ಮತ್ತು ‘ಅರ್ಧ’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಇವೆರಡನ್ನು ಬೇರ್ಪಡಿಸುವುದು ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ ಮಾತ್ರ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಕ ತಂತ್ರಾಂಶ ಎರಡನ್ನೂ ಸುಮ್ಮನೆ ಬಿಟ್ಟುಬಿಡುತ್ತದೆ, ಹಿಡಿಯಬೇಕಾದದ್ದು ಕಣ್ಣು. ಸಣ್ಣ ಮಾನಿಟರ್‌ನಲ್ಲಿ ಆ ಚುಕ್ಕೆಗಾಗಿ ಪಠ್ಯವನ್ನು ಹಿಗ್ಗಿಸಬೇಕಾಗುತ್ತಿತ್ತು, ಹಿಗ್ಗಿಸಿದರೆ ಸಾಲು ಮುರಿದು ಮೂಲದೊಡನೆ ತಾಳೆ ತಪ್ಪುತ್ತಿತ್ತು. ದೊಡ್ಡದರಲ್ಲಿ ಮಾಮೂಲು ಅಳತೆಯಲ್ಲೇ ಕಾಣುತ್ತಿತ್ತು.

ಹಾಗಾದರೆ ಒಂಟಿಯೇ ಗೆದ್ದಿತೇ ಎಂದರೆ, ಇಲ್ಲ. ದೊಡ್ಡ ಮಾನಿಟರ್ ಅನ್ನು ವಿಂಡೋಸ್ ಕೀಲಿ ಮತ್ತು ಬಾಣದ ಕೀಲಿಗಳಿಂದ ಎರಡು ಭಾಗ ಮಾಡಿ, ಎಡಕ್ಕೆ ಸ್ಕ್ಯಾನ್, ಬಲಕ್ಕೆ ಪಠ್ಯ ಇಟ್ಟುಕೊಂಡಾಗ, ಪ್ರತಿ ಭಾಗಕ್ಕೂ ಸಿಗುವುದು 30 ಸೆಂಟಿಮೀಟರ್ ಅಗಲ ಮತ್ತು ಮೆನು, ಪಟ್ಟಿಗಳನ್ನು ಕಳೆದು ಉಳಿದ ಅಷ್ಟೇ ಎತ್ತರ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಡೆಮಿ 1/8 ಆಕಾರದ ಪುಟ ಸುಮಾರು 14 × 21.5 ಸೆಂಟಿಮೀಟರ್. ಅಂದರೆ ಇಡೀ ಪುಟ ಒಮ್ಮೆಲೇ ಕಾಣಬೇಕಾದರೆ ಅದನ್ನು ಒಂದೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗಿಸಲಾಗದು. ಮಾಸಿದ ಕಾಗದದ, ಮಸಿ ಹರಡಿದ ಪುಟಗಳಿಗೆ ಅಷ್ಟು ಸಾಲದು. ಇದೇ ಪುಟವನ್ನು 24 ಇಂಚಿನ ಮಾನಿಟರ್ ಅನ್ನು ನೆಟ್ಟಗೆ ನಿಲ್ಲಿಸಿ ತೆರೆದರೆ 30 ಸೆಂಟಿಮೀಟರ್ ಅಗಲಕ್ಕೆ 53 ಸೆಂಟಿಮೀಟರ್ ಎತ್ತರ ಸಿಗುತ್ತದೆ. ಪುಟ ಎರಡು ಪಟ್ಟು ದೊಡ್ಡದಾಗಿ, ತಲೆಬರಹದಿಂದ ಪುಟಸಂಖ್ಯೆಯವರೆಗೆ ಪೂರ್ತಿ ಕಾಣುತ್ತದೆ. ಮೇಲೆ ಕೆಳಗೆ ಸರಿಸುವ ಪ್ರಮೇಯವೇ ಇಲ್ಲ. ಸರಿಸುವಾಗಲೇ ಸಾಲು ತಪ್ಪುವುದು, ಸಾಲು ತಪ್ಪಿದಾಗಲೇ ಎರಡು ಸಾಲುಗಳು ಒಂದೇ ಪದದಿಂದ ಶುರುವಾಗುವ ಕಡೆ ಒಂದಿಡೀ ಸಾಲನ್ನೇ ನುಂಗಿಬಿಡುವುದು ಕರಡು ತಿದ್ದುವವರಿಗೆಲ್ಲ ಗೊತ್ತಿರುವ ಸಂಗತಿ.

ನೆಟ್ಟಗೆ ನಿಲ್ಲಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ, ವಿಂಡೋಸ್ ಅಕ್ಷರಗಳ ಅಂಚನ್ನು ನಯಗೊಳಿಸುವುದು ಈ ಜೋಡಣೆಯನ್ನು ನಂಬಿಕೊಂಡು. ಮಾನಿಟರ್ ತಿರುಗಿಸಿದಾಗ ಆ ಪಟ್ಟಿಗಳು ಒಂದರ ಮೇಲೊಂದು ಬಂದು, ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಮೂಡುತ್ತದೆ. ಆದ್ದರಿಂದ ನಿಂತ ಮಾನಿಟರ್‌ಗೆ ಚಿತ್ರರೂಪದ ಸ್ಕ್ಯಾನ್ ಪುಟವನ್ನು, ಮಲಗಿದ ಮಾನಿಟರ್‌ಗೆ ಪಠ್ಯವನ್ನು ಕೊಡುವುದು ಒಳ್ಳೆಯದು. ಹಾಗೆಯೇ ಯಾವ ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಎಂಬ ಬಗೆಯ ಪ್ಯಾನೆಲ್ ಇರುವ ಮಾನಿಟರ್ ಆದರೆ ಮಾತ್ರ ತಿರುಗಿಸಿ; ಟಿಎನ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್‌ನದನ್ನು ತಿರುಗಿಸಿದರೆ ತಲೆ ಸ್ವಲ್ಪ ಆಚೀಚೆ ಆದರೂ ಬಣ್ಣ ಬದಲಾಗುತ್ತದೆ.

ಕುತ್ತಿಗೆ ನೋವಿನ ತಪ್ಪು ಮಾನಿಟರ್‌ಗಳದ್ದಲ್ಲ, ನನ್ನದೇ ಎಂದು ಈ ಪ್ರಯೋಗದಲ್ಲಿ ತಿಳಿಯಿತು. ಎರಡನ್ನೂ ಸಮವಾಗಿ ಇಟ್ಟು, ನಡುವಿನ ಕಪ್ಪು ಅಂಚು ಮೂಗಿನ ನೇರಕ್ಕೆ ಬರುವಂತೆ ಕೂರುತ್ತಿದ್ದೆ. ದಿನವಿಡೀ ಕೆಲಸವೆಲ್ಲ ಬಲಗಡೆ, ಮುಂಡ ಮಾತ್ರ ನೇರ. ಹೆಚ್ಚು ಹೊತ್ತು ನೋಡುವ ಮಾನಿಟರ್ ನೇರ ಎದುರಿಗೆ, ತೋಳಿನಷ್ಟು ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಇರಬೇಕು. ಇನ್ನೊಂದು ಪಕ್ಕದಲ್ಲಿ ನಮ್ಮ ಕಡೆಗೆ ಓರೆಯಾಗಿ ನಿಲ್ಲಬೇಕು. ಹೀಗೆ ಸರಿಪಡಿಸಿದ ಮೇಲೆ ಎರಡು ವಾರಗಳಲ್ಲಿ ನೋವು ಇಳಿಯಿತು. ಇದನ್ನು ಮೊದಲೇ ಮಾಡಿದ್ದರೆ ದೊಡ್ಡ ಮಾನಿಟರ್ ಕೊಳ್ಳುತ್ತಲೇ ಇರಲಿಲ್ಲವೇನೋ.

ಕೊಂಡದ್ದಕ್ಕೆ ಪಶ್ಚಾತ್ತಾಪವೇನೂ ಇಲ್ಲ, ಏಕೆಂದರೆ ಪುಟವಿನ್ಯಾಸದಲ್ಲಿ ಜೋಡಿ ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಎದುರುಬದುರಿನ ಎರಡು ಡೆಮಿ ಪುಟಗಳು ನಿಜ ಅಳತೆಗಿಂತ ದೊಡ್ಡದಾಗಿಯೇ ಕೂತು, ಪಕ್ಕದಲ್ಲಿ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನ ಉಪಕರಣ ಪಟ್ಟಿಗಳಿಗೂ ಜಾಗ ಉಳಿಯುತ್ತದೆ. ಮುಖಪುಟದ ಬಣ್ಣ ನೋಡುವಾಗಲೂ ಅಷ್ಟೇ. ಒಂದೇ ಕಂಪನಿಯ, ಒಂದೇ ಮಾದರಿಯ ನನ್ನ ಎರಡು ಮಾನಿಟರ್‌ಗಳಲ್ಲಿ ಒಂದರ ಬಿಳುಪು ಹಾಲಿನಂತೆ, ಇನ್ನೊಂದರದು ಮಜ್ಜಿಗೆಯಂತೆ. ಎಷ್ಟು ತಿರುಚಿದರೂ ಅವು ಒಂದಾಗಲಿಲ್ಲ. ಇನ್ನೊಂದು ಮಾತೂ ಇದೆ: ವಿನ್ಯಾಸ ಮಾಡುವಾಗ ಎರಡನೆಯ ಮಾನಿಟರ್ ಖಾಲಿ ಇರುವುದಿಲ್ಲ, ಅಲ್ಲಿ ವಾಟ್ಸಾಪ್ ಬಂದು ಕೂರುತ್ತದೆ.

ಇನ್ನು ಮಲೆನಾಡಿನ ಮಳೆಗಾಲಕ್ಕೇ ಸೇರಿದ ಕೆಲವು ವಿಷಯಗಳು. ಆರಿದ್ರೆ ಮಳೆ ಹಿಡಿದ ಮೇಲೆ ಕರೆಂಟು ಇದ್ದ ಹೊತ್ತಿಗಿಂತ ಇನ್ವರ್ಟರ್ ನಡೆದ ಹೊತ್ತೇ ಹೆಚ್ಚು. ವಿದ್ಯುತ್ ಅಳೆಯುವ ಸಣ್ಣ ಮೀಟರ್ ಸಿಕ್ಕಿಸಿ ನೋಡಿದಾಗ ನನ್ನ ಸಣ್ಣ ಮಾನಿಟರ್ ತಲಾ 18 ವಾಟ್, ದೊಡ್ಡದು 29 ವಾಟ್ ಎಳೆಯುತ್ತಿತ್ತು. ವ್ಯತ್ಯಾಸ ಅಲ್ಪವೇ, ಆದರೆ ಬ್ಯಾಟರಿ ಇಳಿಯುತ್ತಿದೆ ಎಂದು ಕಂಡಾಗ ಜೋಡಿಯಲ್ಲಿ ಒಂದನ್ನು ಆಫ್ ಮಾಡಿ ಇನ್ನೊಂದರಲ್ಲಿ ಮುಂದುವರಿಯಬಹುದು. ದೊಡ್ಡದನ್ನು ಅರ್ಧ ಆರಿಸಲು ಬರುವುದಿಲ್ಲ. ಇದಕ್ಕೆ ಎದುರಾಗಿ ಜೋಡಿಯ ಒಂದು ಕಾಟ ಹೇಳಲೇಬೇಕು. ಎಡಗಡೆಯ ಮಾನಿಟರ್ ಅನ್ನು ತಿಳಿಯದೆ ಇನ್ವರ್ಟರ್ ಇಲ್ಲದ ಪ್ಲಗ್ಗಿಗೆ ಹಾಕಿದ್ದೆ. ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ಅದರಲ್ಲಿದ್ದ ಕಿಟಕಿಗಳೆಲ್ಲ ಬಲಗಡೆಗೆ ಹಾರಿಬಂದು, ತಿದ್ದುತ್ತಿದ್ದ ಪಠ್ಯವನ್ನು ಮುಚ್ಚಿಬಿಡುತ್ತಿದ್ದವು. ಮೊದಲ ಮಳೆಯ ಸಂಜೆ ಈಸಲು (ರೆಕ್ಕೆ ಬಂದ ಗೆದ್ದಲು ಹುಳ) ಎದ್ದಾಗ ಒರೆಸಬೇಕಾದ ಗಾಜೂ ಎರಡು. “ಒಂದು ಮೇಜಿಗೆ ಎರಡೆರಡು ಟಿವಿ ಎಂತಕ್ಕೆ ಮಾರಾಯ?” ಎಂದು ದೊಡ್ಡಮ್ಮ ಕೇಳಿದ್ದು ಅಂಥ ಒಂದು ಸಂಜೆಯೇ.

ಜೋಡಿ ಕೊಳ್ಳುವವರು ಲ್ಯಾಪ್‌ಟಾಪಿನ ಕಿಂಡಿಗಳನ್ನು ಮೊದಲು ನೋಡಿಕೊಳ್ಳಬೇಕು. ನನ್ನದರಲ್ಲಿ ಮಾನಿಟರ್‌ಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕಿಂಡಿ ಒಂದೇ ಇತ್ತು. ಟೈಪ್-ಸಿ ಇತ್ತಾದರೂ ಅದರಿಂದ ಚಿತ್ರ ಹೊರಬರುತ್ತಿರಲಿಲ್ಲ. ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಕೊಡುವುದಿಲ್ಲ ಎಂಬುದು ಶಿವಮೊಗ್ಗದಿಂದ ತಂದ ಅಡಾಪ್ಟರ್ ಕೆಲಸ ಮಾಡದಿದ್ದಾಗ ತಿಳಿಯಿತು, ಅದನ್ನು ಮರಳಿಸಲು ಮತ್ತೆ ಬಸ್ಸು ಹತ್ತಬೇಕಾಯಿತು.

34 ಇಂಚಿನ ಉದ್ದನೆಯ ಮಾನಿಟರ್ ಅನ್ನು ಗೆಳೆಯರೊಬ್ಬರ ಕಚೇರಿಯಲ್ಲಿ ಒಂದು ದಿನ ಬಳಸಿದೆ. ಅದರ ಎತ್ತರ 27 ಇಂಚಿನದರಷ್ಟೇ. ಅಗಲವಾದ ಲೆಕ್ಕದ ಹಾಳೆ ನೋಡುವವರಿಗೆ ಹಿಡಿಸೀತು. ಪುಸ್ತಕದ ಪುಟಕ್ಕೆ ಬೇಕಾದದ್ದು ಎತ್ತರ.

ಈಗ ನನ್ನ ಮೇಜಿನ ಮೇಲೆ ದೊಡ್ಡದು ಎದುರಿಗಿದೆ, ಸಣ್ಣದೊಂದು ಎಡಗಡೆ ನೆಟ್ಟಗೆ ನಿಂತಿದೆ, ಇನ್ನೊಂದು ತಂಗಿಯ ಮಗಳ ಓದುವ ಕೋಣೆ ಸೇರಿದೆ. ಎರಡು ಪಠ್ಯಗಳನ್ನು ಸಾಲಿಗೆ ಸಾಲು ತಾಳೆ ನೋಡುವ ಕೆಲಸವಿದ್ದವರು ಎರಡನೆಯದನ್ನು ಕೊಳ್ಳಲಿ, ಅದನ್ನು ನಿಲ್ಲಿಸಿಯೇ ಇಡಲಿ. ಉಳಿದವರು ಅದೇ ಹಣಕ್ಕೆ ಒಂದೇ ಒಳ್ಳೆಯ ಮಾನಿಟರ್ ತರಲಿ ಎಂಬುದು ನನ್ನ ಅಭಿಪ್ರಾಯ. ಕರಡು ಮುಗಿದು ವಿನ್ಯಾಸ ಶುರುವಾದ ದಿನ ಎಡಗಡೆಯದರ ಗುಂಡಿ ಒತ್ತಿ ಆರಿಸಿ, ತೇವ ಒಳಹೋಗದಿರಲೆಂದು ಹಳೆಯ ಪಂಚೆಯೊಂದನ್ನು ಅದಕ್ಕೆ ಹೊದಿಸುತ್ತೇನೆ.