ಅರ್ಧ ಮಾತ್ರೆಯ ಬದಲು ಬಂದ ಬಾಟಲಿ

ನಾನು ತಿಪಟೂರಿನಲ್ಲಿ ಚಿನ್ನದ ಕೆಲಸ ಮಾಡುವವನು. ಗುಲಗಂಜಿಯಷ್ಟು ತೂಕ ಹೆಚ್ಚುಕಡಿಮೆಯಾದರೂ ನಿದ್ದೆ ಬಾರದ ಮನೆತನ ನಮ್ಮದು. ಅಂಥ ನಾನು ಏಳು ತಿಂಗಳು ನನ್ನ ಮಗಳ ಕ್ಯಾನ್ಸರ್ ಮಾತ್ರೆಯನ್ನು ಕಣ್ಣಂದಾಜಿನಲ್ಲಿ ಬ್ಲೇಡಿನಿಂದ ತುಂಡು ಮಾಡುತ್ತಿದ್ದೆ. ಆ ಬ್ಲೇಡನ್ನು ನನ್ನ ಕೈಯಿಂದ ಕೆಳಗಿಡಿಸಿದ ಔಷಧದ ಹೆಸರು ಪ್ರಿವಾಲ್. 6-ಮರ್ಕ್ಯಾಪ್ಟೊಪ್ಯೂರಿನ್ ಎಂಬ ಹಳೆಯ ಮದ್ದಿನ ದ್ರವರೂಪ ಇದು.

ಮಗಳಿಗೆ ನಾಲ್ಕು ವರ್ಷ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರ್. ಆಸ್ಪತ್ರೆಯ ಇಂಜೆಕ್ಷನ್ನುಗಳ ಕಠಿಣ ತಿಂಗಳುಗಳು ಮುಗಿದ ಮೇಲೆ ಮೇಂಟೆನೆನ್ಸ್ ಎಂಬ ದೀರ್ಘ ಘಟ್ಟ ಶುರುವಾಗುತ್ತದೆ. ಅಲ್ಲಿ ಪ್ರತಿ ರಾತ್ರಿ ಈ ಮದ್ದು, ವಾರಕ್ಕೆ ಒಂದೇ ಸಲ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕ್ಯಾನ್ಸರ್ ಮದ್ದು. ಆಸ್ಪತ್ರೆಯ ಕೆಲಸ ಆಗ ಮನೆಯವರ ಕೈಗೆ ಬರುತ್ತದೆ.

ಮಾತ್ರೆ ಬರುವುದು 50 ಮಿಲಿಗ್ರಾಂ ಅಳತೆಯಲ್ಲಿ. ಹದಿನಾಲ್ಕು ಕಿಲೋ ತೂಗುವ ನನ್ನ ಮಗಳಿಗೆ ಬೇಕಾದದ್ದು ದಿನಕ್ಕೆ 36. ಹಾಗಾಗಿ ವೈದ್ಯೆ ವಾರದ ಲೆಕ್ಕ ಬರೆದುಕೊಟ್ಟಿದ್ದರು: ಮೂರು ದಿನ ಇಡೀ ಮಾತ್ರೆ, ನಾಲ್ಕು ದಿನ ಅರ್ಧ. ವಾರದ ಮೊತ್ತ ಸರಿಹೊಂದುತ್ತಿತ್ತು, ಆದರೆ ಯಾವ ದಿನವೂ 36 ಆಗುತ್ತಿರಲಿಲ್ಲ. ಒಂದು ರಾತ್ರಿ ಅಂಗಡಿಯ ತಕ್ಕಡಿಯ ಮೇಲೆ ಬೆಣ್ಣೆಕಾಗದ ಹಾಸಿ ಎರಡು ಅರ್ಧಗಳನ್ನು ತೂಗಿದೆ. ಒಂದರಂತೆ ಇನ್ನೊಂದಿರಲಿಲ್ಲ. ಮರುದಿನ ಬೇರೆ ಮಾತ್ರೆ ಕತ್ತರಿಸಿ ತೂಗಿದೆ, ಅದೇ ಕಥೆ. ಪುಡಿ ಮಾಡಿ ಜೇನಿನಲ್ಲಿ ಕಲಸಿದರೆ ಚಮಚಕ್ಕೆ ಅಂಟಿಕೊಂಡ ಹಳದಿ ಪುಡಿ ಉಳಿಯುತ್ತಿತ್ತು. ಅಂಗಡಿಯ ಕಸ ಗುಡಿಸಿ ಅದರಲ್ಲಿಯೂ ಚಿನ್ನದ ಕಣ ಹುಡುಕುವ ನನಗೆ ಆ ಚಮಚ ತೊಳೆಯುವಾಗ ಹೊಟ್ಟೆ ಉರಿಯುತ್ತಿತ್ತು. ಇದು ಕೀಮೋ ಔಷಧ, ಪುಡಿ ಹಾರುವುದು ಒಳ್ಳೆಯದಲ್ಲ. ತಮ್ಮನ ಹೆಂಡತಿ ಗರ್ಭಿಣಿಯಾಗಿದ್ದರಿಂದ ಮದ್ದು ಅರೆಯುವ ಹೊತ್ತಿಗೆ ಅವಳನ್ನು ಅಡುಗೆಮನೆಯ ಕಡೆಗೇ ಬಿಡುತ್ತಿರಲಿಲ್ಲ.

ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಎಂಬ ವೈದ್ಯೆಯ ತಂಡ ಮಾಡಿದ ಸಂಶೋಧನೆಯ ಬಗ್ಗೆ ನಮ್ಮ ವೈದ್ಯೆ ಹೇಳಿದ್ದರು. ಮದ್ದಿನ ಡಬ್ಬಿಯ ಮುಚ್ಚಳಕ್ಕೆ ಚಿಪ್ ಅಳವಡಿಸಿ, ಪ್ರತಿ ಸಲ ತೆರೆದಾಗಲೂ ದಿನ ಮತ್ತು ಹೊತ್ತು ದಾಖಲಾಗುವಂತೆ ಮಾಡಿದ್ದರಂತೆ. ನೂರಕ್ಕೆ 95ಕ್ಕಿಂತ ಕಡಿಮೆ ದಿನ ಈ ಮದ್ದು ತೆಗೆದುಕೊಂಡ ಮಕ್ಕಳಲ್ಲಿ ರೋಗ ಮರಳುವ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂತು. 95 ಎಂದರೆ ಇಪ್ಪತ್ತು ದಿನಕ್ಕೆ ಒಂದು ದಿನ ತಪ್ಪುವುದು. ಕೇಳಿದ ದಿನವೇ ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕತೊಡಗಿದಳು. ಒಂದು ದಿನ ತಪ್ಪಿದರೇ ಇಷ್ಟು ಎಂದಮೇಲೆ ನನ್ನ ವಕ್ರ ಅರ್ಧಗಳ ಗತಿ ಏನು ಎಂಬ ಚಿಂತೆ ನನಗೆ ಹತ್ತಿಕೊಂಡಿತು.

ಪ್ರಿವಾಲ್ ಬಂದದ್ದು 2025ರಲ್ಲಿ. ಮುಂಬಯಿಯ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್ ಸೆಂಟರ್ ಮತ್ತು ನಮ್ಮ ಬೆಂಗಳೂರಿನ ಔಷಧ ಕಂಪನಿ ಐಡಿಆರ್‌ಎಸ್ ಲ್ಯಾಬ್ಸ್ ಸೇರಿ ಇದನ್ನು ರೂಪಿಸಿದ್ದಾರೆ. ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದು. ಲೆಕ್ಕ ಎಷ್ಟು ಸಲೀಸು ನೋಡಿ: 36 ಎಂದರೆ 3.6 ಮಿಲಿ, ಪ್ರತಿ ದಿನವೂ ಅಷ್ಟೇ. ಬಾಟಲಿಯ ಬಾಯಿಗೆ ಒತ್ತಿ ಕೂರಿಸುವ ಒಂದು ಬಿರಡೆ ಇದೆ. ಅದಕ್ಕೆ ಸಿರಿಂಜ್ ಸಿಕ್ಕಿಸಿ, ಬಾಟಲಿ ತಲೆಕೆಳಗು ಮಾಡಿ ಎಳೆದರೆ ಆಯಿತು. ಒಂದು ಹನಿಯೂ ಹೊರಗೆ ಸುರಿಯುವುದಿಲ್ಲ.

ನಾನು ಅಷ್ಟಕ್ಕೇ ನಂಬುವವನಲ್ಲ. ಔಷಧ ತುಂಬುವ ಮೊದಲು ಹೊಸ ಸಿರಿಂಜಿನಲ್ಲಿ 3.6ರ ಗೆರೆಯವರೆಗೆ ನೀರು ಎಳೆದು ತಕ್ಕಡಿಗೆ ಬಿಟ್ಟೆ. ಒಂದು ಮಿಲಿ ನೀರು ಒಂದು ಗ್ರಾಂ ತೂಗಬೇಕಲ್ಲವೇ? ಐದು ಸಲ ತೂಗಿದೆ. ಐದೂ ಸಲ ಮೂರು ಗ್ರಾಂ ಆರುನೂರು ಮಿಲಿಗ್ರಾಮಿನ ಆಸುಪಾಸಿನಲ್ಲೇ ನಿಂತಿತು. ಚಿನ್ನದ ತಕ್ಕಡಿಯ ಮುಂದೆ ಕೂತು ನಾನು ಅತ್ತದ್ದು ಅದೊಂದೇ ಸಲ.

ಬಳಸುವವರು ಮರೆಯಬಾರದ ಮಾತು: ಇದರಲ್ಲಿ ಮದ್ದು ಕರಗಿರುವುದಿಲ್ಲ, ತೇಲುತ್ತಿರುತ್ತದೆ. ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಮೇಲೆ ನೀರು, ತಳದಲ್ಲಿ ಮದ್ದು. ನಾನು ಕೈಗವಸು ಹಾಕಿಕೊಂಡೇ ಕೊಡುತ್ತೇನೆ. ಮಾತ್ರೆಯ ದಿನಗಳಲ್ಲಿ ಬಾಯಿ ಬಿಗಿಹಿಡಿಯುತ್ತಿದ್ದ ಮಗಳು ಈಗ ಸಿರಿಂಜಿನ ಗೆರೆಗಳನ್ನು ತಾನೇ ಎಣಿಸಿ ಬಾಯಿ ತೆರೆಯುತ್ತಾಳೆ. ಬೆಲೆಯ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ, ನಮಗೆ ಸಹಾಯನಿಧಿಯಿಂದ ಸಿಕ್ಕಿತು.

ನನ್ನ ಸಿಟ್ಟು ಬೇರೆಡೆಗೆ. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ವಿಜ್ಞಾನಿಗಳು ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1953ರಲ್ಲಿ. 1988ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ದ್ರವರೂಪಕ್ಕೆ ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ನಮ್ಮ ಮಕ್ಕಳ ಅಳತೆಗೆ ಮದ್ದು ಬರಲು ಇಷ್ಟು ವರ್ಷ ಬೇಕಾಯಿತೇ? ಬಂದ ಮೇಲೂ ಅದು ಊರೂರಿಗೆ ತಲುಪಿಲ್ಲ. ನಮ್ಮ ಕಡೆಯ ಒಂದು ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿದಾಗ, "ಎರಡೂ ಒಂದೇ ಸ್ವಾಮಿ, ಮಾತ್ರೆ ಮುರಿದು ಕೊಡಿ" ಎಂದರು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ತಂದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಸಿಗಲೇಬೇಕು. ತಕ್ಕಡಿ ಇಲ್ಲದ ಮನೆಯ ತಂದೆ ತನ್ನ ಅರ್ಧ ಮಾತ್ರೆ ಅರ್ಧವಲ್ಲ ಎಂದು ಹೇಗೆ ತಿಳಿದಾನು?

ಕಳೆದ ವಾರ ತಪಾಸಣೆ ಇತ್ತು. ಮಗಳು ಈಗ ಹದಿನೈದೂವರೆ ಕಿಲೋ ಆಗಿದ್ದಾಳೆ, ಎತ್ತರವೂ ಏರಿದೆ. ಬ್ಲಡ್ ಕೌಂಟ್ ನೋಡಿದ ವೈದ್ಯೆ ಅಳತೆಯನ್ನು 3.6 ಹೊಡೆದುಹಾಕಿ 4.0 ಎಂದು ಬರೆದರು. ಮಾತ್ರೆಯಾಗಿದ್ದರೆ ಇಡೀ ವಾರದ ಲೆಕ್ಕವನ್ನೇ ಮತ್ತೆ ಕೂಡಿಸಬೇಕಿತ್ತು. ಆ ರಾತ್ರಿ ನಾನು ಸಿರಿಂಜನ್ನು ಎರಡು ಗೆರೆ ಹೆಚ್ಚು ಎಳೆದೆ.