ಬೇಡವೆನ್ನುವ ತರಕಾರಿಗಳ ಊಟದ ಮನೆ: ಮೈಸೂರಿನ ಒಂದು ಮೆಸ್‌ನ ವಿಮರ್ಶೆ

ಮೈಸೂರಿನ ಚಾಮರಾಜಪುರಂ ಕಡೆ, ಹಳೆಯ ಮನೆಯೊಂದರ ಮುಂಭಾಗದಲ್ಲಿ ನಡೆಯುವ ಈ ಮೆಸ್ಸಿಗೆ ಹೆಸರಿನ ಫಲಕವಿಲ್ಲ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಆ ದಿನದ ತರಕಾರಿ ಯಾವುದೆಂದು ಮಾತ್ರ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಅದನ್ನು ಓದಿ ಒಳಗೆ ಬರುವವರೂ ಇದ್ದಾರೆ, ಓದಿದ ಕೂಡಲೇ ಮುಂದಿನ ಹೋಟೆಲಿಗೆ ನಡೆಯುವವರೂ ಇದ್ದಾರೆ. ಏಕೆಂದರೆ ಹಲಗೆಯ ಮೇಲೆ ಬರುವ ಹೆಸರುಗಳು ಹಾಗಲಕಾಯಿ, ಮೂಲಂಗಿ, ಬದನೆ, ಬೆಂಡೆ, ಪಡವಲ, ಸುವರ್ಣಗಡ್ಡೆ. ಪ್ರತಿ ಮನೆಯಲ್ಲೂ ಒಬ್ಬರಾದರೂ ಎಲೆಯ ಅಂಚಿಗೆ ತಳ್ಳುವ ತರಕಾರಿಗಳನ್ನೇ ಆರಿಸಿ, ವಾರದ ಒಂದೊಂದು ದಿನಕ್ಕೆ ಒಂದೊಂದರಂತೆ ಹಂಚಿಕೊಂಡು ಇಲ್ಲಿ ಅಡುಗೆ ಮಾಡುತ್ತಾರೆ. ಶನಿವಾರ ಮಧ್ಯಾಹ್ನ ಊಟವಿಲ್ಲ. ಬೆಳಗಿನ ತಿಂಡಿ ಮಾತ್ರ, ಅದೂ ಉಪ್ಪಿಟ್ಟು.

ಸಾಮಾನ್ಯವಾಗಿ ಊಟದ ಹೋಟೆಲಿನವರು ಯಾರೂ ಬೇಡವೆನ್ನದ ತರಕಾರಿಗಳನ್ನೇ ನಂಬಿಕೊಂಡಿರುತ್ತಾರೆ. ಹುರುಳಿಕಾಯಿ, ಕ್ಯಾರೆಟ್, ಎಲೆಕೋಸು, ಆಲೂಗಡ್ಡೆಗಳು ಸರದಿಯ ಮೇಲೆ ಬರುತ್ತವೆ. ಮದುವೆಯ ಅಡುಗೆಯಲ್ಲೂ ಇದೇ ಕ್ರಮ. ನೂರು ಜನ ಉಣ್ಣುವ ಕಡೆ ಹಾಗಲಕಾಯಿ ಬಡಿಸಿದರೆ ಅರ್ಧದಷ್ಟು ಎಲೆಯಲ್ಲೇ ಉಳಿಯುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿದೆ, ಅದು ತಪ್ಪೇನೂ ಅಲ್ಲ. ಈ ಮೆಸ್ ನಡೆಸುವ ದಂಪತಿ ಆ ಲೆಕ್ಕವನ್ನು ತಿರುವಿಹಾಕಿದ್ದಾರೆ. ಕೆಲವು ವಾರಗಳ ಅವಧಿಯಲ್ಲಿ ಇಲ್ಲಿ ಬೇರೆ ಬೇರೆ ದಿನಗಳಲ್ಲಿ ಉಂಡ ಮೇಲೆ ನನಗನ್ನಿಸಿದ್ದು ಇಷ್ಟು: ತರಕಾರಿಯನ್ನು ಕೆಡಿಸಿ ಬೇಯಿಸಿದ್ದರಿಂದ ಹುಟ್ಟಿದ ಅಸಹ್ಯವನ್ನು ಇವರ ಕೈಗುಣ ಬಹುಮಟ್ಟಿಗೆ ನಿವಾರಿಸುತ್ತದೆ, ದೇಹವೇ ಒಪ್ಪದೆ ಬೇಡವೆನ್ನುವವರ ವಿಷಯದಲ್ಲಿ ಮಾತ್ರ ಇವರು ಇನ್ನೂ ಸ್ವಲ್ಪ ಕಲಿಯಬೇಕಾಗಿದೆ.

ಮೊದಲು ಹಾಗಲಕಾಯಿ ಗೊಜ್ಜು, ಏಕೆಂದರೆ ಈ ಅಡುಗೆಮನೆಯ ಹೆಚ್ಚುಗಾರಿಕೆ ಇರುವುದು ಅದರಲ್ಲಿ. ಹಾಗಲವನ್ನು ತೆಳುವಾದ ಬಿಲ್ಲೆಗಳಾಗಿ ಹೆಚ್ಚಿ, ಬಲಿತ ಬೀಜಗಳನ್ನು ತೆಗೆದು, ಉಪ್ಪು ಮತ್ತು ಅರಿಸಿನ ಸವರಿ ಅರ್ಧ ಗಂಟೆ ಬಿಡುತ್ತಾರೆ. ಆಮೇಲೆ ಹಗುರವಾಗಿ ಹಿಂಡುತ್ತಾರೆ; ಬಟ್ಟೆಯಲ್ಲಿ ಕಟ್ಟಿ ಹಿಪ್ಪೆಯಾಗುವಂತೆ ಹಿಂಡುವುದಿಲ್ಲ. ಉಪ್ಪಿಗೆ ಇಲ್ಲಿ ಎರಡು ಕೆಲಸ. ಅದು ಕಾಯಿಯ ನೀರನ್ನು ಹೊರಗೆಳೆದು ಅದರೊಂದಿಗೆ ಒಂದಿಷ್ಟು ಕಹಿಯನ್ನೂ ಇಳಿಸುತ್ತದೆ, ಜೊತೆಗೆ ಉಪ್ಪಿನಲ್ಲಿರುವ ಸೋಡಿಯಂ ನಾಲಿಗೆಗೆ ಕಹಿಯ ಅರಿವಾಗುವುದನ್ನೇ ತಗ್ಗಿಸುತ್ತದೆ. ನಂತರ ಅಗಲವಾದ ಬಾಣಲೆಯಲ್ಲಿ, ಧಾರಾಳವಾಗಿ ಎಣ್ಣೆ ಹಾಕಿ, ಬಿಲ್ಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯುತ್ತಾರೆ. ಮನೆಗಳಲ್ಲಿ ಎಣ್ಣೆ ಉಳಿಸಲೆಂದು ನೀರು ಚಿಮುಕಿಸಿ ಮುಚ್ಚಿ ಬೇಯಿಸುವುದರಿಂದ ಕಾಯಿ ಮೆತ್ತಗಾಗಿ ಕಹಿ ಮಾತ್ರ ಎದ್ದು ನಿಲ್ಲುತ್ತದೆ. ಹಾಗಲವೆಂದರೆ ಮೂಗು ಮುರಿಯುವವರಲ್ಲಿ ಬಹುಪಾಲು ಜನ ತಿಂದಿರುವುದು ಅಂಥದ್ದನ್ನೇ ಎಂದು ನನ್ನ ಅನುಮಾನ.

ಹುಣಸೆ ರಸ ಕುದಿದು ಹಸಿವಾಸನೆ ಹೋದ ಮೇಲೆ ಬೆಲ್ಲ, ಅದಾದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು, ಕೊಬ್ಬರಿಗಳನ್ನು ಹುರಿದು ಮಾಡಿದ ಪುಡಿ ಬೀಳುತ್ತದೆ. ಮೆಂತ್ಯವನ್ನು ಬಹಳ ಕಡಿಮೆ ಹಾಕುತ್ತಾರೆ. ಇದು ಸಣ್ಣ ಸಂಗತಿಯಂತೆ ಕಂಡರೂ ಅಲ್ಲ. ತಾನೇ ಕಹಿಯಾದ ಮೆಂತ್ಯವನ್ನು ಹಾಗಲದ ಗೊಜ್ಜಿಗೆ ವಾಡಿಕೆಯ ಪ್ರಮಾಣದಲ್ಲಿ ಸುರಿಯುವವರು ಕೊನೆಗೆ ಬೈಯುವುದು ಹಾಗಲವನ್ನು. ಇಷ್ಟೆಲ್ಲ ಆದ ಮೇಲೂ ಗೊಜ್ಜಿನಲ್ಲಿ ಕಹಿ ಉಳಿದಿರುತ್ತದೆ, ಉಳಿಯಲೇಬೇಕು. ಬೆಲ್ಲ ಸುರಿದು ಪಾಯಸದಂತೆ ಮಾಡಿಬಿಡುವ ಹೋಟೆಲುಗಳ ಗೊಜ್ಜಿಗೆ ಹೋಲಿಸಿದರೆ ಇಲ್ಲಿ ಮೊದಲು ಹುಳಿ, ಆಮೇಲೆ ಸಿಹಿ, ಖಾರ, ತುತ್ತು ನುಂಗಿದ ನಂತರ ಕಹಿ ಎಂಬ ಕ್ರಮ ಸ್ಪಷ್ಟವಾಗಿ ತಿಳಿಯುತ್ತದೆ. ಬಿಸಿ ಅನ್ನಕ್ಕೆ ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿಸಿಕೊಂಡು ಕಲೆಸಿದರೆ ಬೇರೆ ಪಲ್ಯವೇ ಬೇಕಾಗುವುದಿಲ್ಲ. ಅನೇಕ ಮನೆಗಳಲ್ಲಿ ಹಾಗಲಕಾಯಿ ಶ್ರಾದ್ಧದ ಅಡುಗೆಯಲ್ಲಿ ತಪ್ಪದೆ ಬರುವ ತರಕಾರಿ. ಆ ಕಾರಣಕ್ಕೇ ಅದನ್ನು ಬೇರೆ ದಿನ ಮುಟ್ಟದವರೂ ನನಗೆ ಗೊತ್ತು. ಅವರ ವಿರೋಧಕ್ಕೂ ನಾಲಿಗೆಗೂ ಸಂಬಂಧವಿಲ್ಲವಾದ್ದರಿಂದ ಯಾವ ಗೊಜ್ಜೂ ಅವರನ್ನು ಒಲಿಸಲಾರದು.

ಮೂಲಂಗಿಯ ಸಮಸ್ಯೆ ರುಚಿಗಿಂತ ಹೆಚ್ಚಾಗಿ ವಾಸನೆಯದು. ಮೂಲಂಗಿಯ ಗಂಧಕಯುಕ್ತ ಅಂಶಗಳು ಬೇಯುವಾಗ ಆವಿಯಾಗುತ್ತವೆ. ಪಾತ್ರೆಗೆ ಮುಚ್ಚಳವಿದ್ದರೆ ಆ ವಾಸನೆ ಅಲ್ಲೇ ಸುತ್ತಿ ಹುಳಿಯೊಳಗೆ ಇಳಿಯುತ್ತದೆ, ಕುಕ್ಕರಿನಲ್ಲಿ ಬೇಳೆಯೊಂದಿಗೆ ಕೂಗಿಸಿದರೆ ಹೇಳುವುದೇ ಬೇಡ. ಇಲ್ಲಿ ಎಳೆಯ ಮೂಲಂಗಿಯನ್ನು ತೆರೆದ ಪಾತ್ರೆಯಲ್ಲಿ ಬೇರೆಯಾಗಿ ಬೇಯಿಸಿ, ಬೆಂದ ತೊಗರಿಬೇಳೆಗೆ ಕೊನೆಯಲ್ಲಿ ಸೇರಿಸುತ್ತಾರೆ. ಹುಳಿ ಚೆನ್ನಾಗಿತ್ತು, ಆದರೂ ನನ್ನ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಹೋಳುಗಳನ್ನೆಲ್ಲ ಒಂದೊಂದಾಗಿ ಆರಿಸಿ ಬದಿಗಿಟ್ಟರು. ಅವರನ್ನು ಹಟಮಾರಿ ಎನ್ನುವುದಕ್ಕೆ ಮುಂಚೆ ಒಂದು ಹಳೆಯ ಪ್ರಸಂಗವನ್ನು ನೆನೆಯಬೇಕು. 1931ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿಯೊಂದಿಗೆ ಕೆಲಸ ಮಾಡುತ್ತಿದ್ದಾಗ ಅದು ಗಾಳಿಗೆ ಹಾರಿತು. ಜೊತೆಗಿದ್ದವರಿಗೆ ಬಾಯೆಲ್ಲ ಕಹಿಯಾದರೆ ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಆ ವ್ಯತ್ಯಾಸ ವಂಶವಾಹಿಯಿಂದ ಬಂದದ್ದು, ಸಂಬಂಧಿಸಿದ ವಂಶವಾಹಿಯನ್ನು ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಎಲೆಕೋಸು, ಸಾಸಿವೆ, ಮೂಲಂಗಿಗಳ ಕುಟುಂಬದ ತರಕಾರಿಗಳಲ್ಲಿರುವ ಕೆಲವು ಕಹಿ ಅಂಶಗಳನ್ನು ಗ್ರಹಿಸುವುದು ಅದೇ ವಂಶವಾಹಿಯಿಂದ ರೂಪುಗೊಳ್ಳುವ ಗ್ರಾಹಕ, ಅಂದರೆ ನಾಲಿಗೆಯಲ್ಲಿ ರುಚಿಯನ್ನು ಹಿಡಿಯುವ ಸೂಕ್ಷ್ಮ ಅಂಶ. ಮನುಷ್ಯರ ನಾಲಿಗೆಯಲ್ಲಿ ಇಂಥ ಕಹಿಯ ಗ್ರಾಹಕಗಳು ಸುಮಾರು 25 ಬಗೆಯಿವೆ. ಹಾಗಾಗಿ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪಾತ್ರೆಯ ಹುಳಿ ಉಣ್ಣುವ ಇಬ್ಬರಿಗೆ ಒಂದೇ ರುಚಿ ಸಿಗುತ್ತದೆ ಎನ್ನಲಾಗದು.

ಬೆಂಡೆಕಾಯಿಯ ದಿನ ಹೆಚ್ಚು ಹೇಳುವಂಥದ್ದಿಲ್ಲ. ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚಿ, ಮುಚ್ಚದೆ ಹುರಿದು, ಕೊನೆಗೆ ಹುಣಸೆ ರಸ ಬಿಟ್ಟಿದ್ದರು, ಲೋಳೆ ಇರಲಿಲ್ಲ. ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆಂದು ಮಕ್ಕಳನ್ನು ಪುಸಲಾಯಿಸುವ ಪದ್ಧತಿ ನಮ್ಮಲ್ಲಿದೆ, ಲೋಳೆಯಿಲ್ಲದಂತೆ ಮಾಡಿಕೊಟ್ಟಿದ್ದರೆ ಆ ಸುಳ್ಳಿನ ಅಗತ್ಯವೇ ಬೀಳುತ್ತಿರಲಿಲ್ಲ. ಸುವರ್ಣಗಡ್ಡೆಯ ಪಲ್ಯ ಒಂದು ದಿನ ಬಹಳ ಹಿತವಾಗಿತ್ತು, ಇನ್ನೊಂದು ದಿನ ಗಂಟಲಲ್ಲಿ ಸಣ್ಣಗೆ ತುರಿಸಿತು. ಗಡ್ಡೆಯೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಗಂಟಲಿಗೆ ಚುಚ್ಚುವುದರಿಂದ ಆಗುವ ತುರಿಕೆ ಅದು. ಹುಣಸೆ ನೀರಿನಲ್ಲಿ ನೆನೆಸಿ ಚೆನ್ನಾಗಿ ಬೇಯಿಸುವುದರಲ್ಲಿ ಆತುರ ಮಾಡಿದ್ದರೆಂದು ಕಾಣುತ್ತದೆ. ಒಮ್ಮೆ ಹಾಗೆ ತುರಿಸಿದರೆ ಸಾಕು, ತಿಂದವರು ಹತ್ತು ವರ್ಷ ಗಡ್ಡೆಯ ಸಹವಾಸಕ್ಕೆ ಹೋಗುವುದಿಲ್ಲ. ಈ ಪದಾರ್ಥದಲ್ಲಿ ಅಡುಗೆಯವರಿಗೆ ಎರಡನೆಯ ಅವಕಾಶ ಸಿಗುವುದು ಕಷ್ಟ.

ಪಡವಲಕಾಯಿ ಇಲ್ಲಿಯ ಸೋಲು. ಅದರ ಹಸಿ ವಾಸನೆಗೆ ಹೆದರಿ ತೆಂಗಿನಕಾಯಿ, ಜೀರಿಗೆ, ಮೆಣಸುಗಳನ್ನು ದಂಡಿಯಾಗಿ ರುಬ್ಬಿಹಾಕಿ ಕೂಟು ಮಾಡುತ್ತಾರೆ. ಉಣ್ಣಲು ಅಡ್ಡಿಯಿಲ್ಲ, ಆದರೆ ಅದರೊಳಗೆ ಇರುವುದು ಪಡವಲವೋ ಸೋರೆಯೋ ಸೀಮೆಬದನೆಯೋ ಎಂದು ಯಾರೂ ಹೇಳಲಾರರು. ಬೇರೆ ದಿನಗಳಲ್ಲಿ ತರಕಾರಿಯನ್ನು ಮರೆಮಾಚದೆ ಎದುರಿಗಿಡುವ ಧೈರ್ಯ ತೋರಿಸಿದವರು ಇಲ್ಲಿ ಮಾತ್ರ ಹಿಂಜರಿದಿದ್ದಾರೆ.

ಬದನೆಯ ದಿನ ಬಂದವರ ಸಂಖ್ಯೆಯೂ ಹೆಚ್ಚು, ವಾದವೂ ಹೆಚ್ಚು. ಮೈಸೂರಿನದೇ ಆದ ಈರನಗೆರೆಯ ಹಸಿರು ಬದನೆ ಸಿಕ್ಕ ದಿನ ಅದರಲ್ಲಿ ಎಣ್ಣೆಗಾಯಿ, ಸಿಗದ ದಿನ ಮಾಮೂಲು ನೇರಳೆ ಬದನೆಯ ವಾಂಗೀಬಾತ್. ಎಣ್ಣೆಗಾಯಿಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬೀಜ ಬಲಿಯದ ಕಾಯಿಯನ್ನೇ ಆರಿಸುತ್ತಾರೆ, ಹೆಚ್ಚಿದ ಕೂಡಲೇ ಉಪ್ಪು ನೀರಿಗೆ ಹಾಕುವುದರಿಂದ ಕಪ್ಪಾಗುವುದಿಲ್ಲ, ಒಳಗೆ ತುಂಬಿದ ಮಸಾಲೆ ತೊಟ್ಟಿನವರೆಗೂ ಹಿಡಿದಿರುತ್ತದೆ. ಭೌಗೋಳಿಕ ಸೂಚಿಕೆ ಪಡೆದಿರುವ ಉಡುಪಿಯ ಮಟ್ಟುಗುಳ್ಳ ಬದನೆಯನ್ನು ತಿಂದು ಬೆಳೆದವರು ಇದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲವೆಂದು ವಾದಿಸಬಹುದು. ಆ ಜಗಳದಲ್ಲಿ ಮಧ್ಯಸ್ಥಿಕೆ ವಹಿಸುವ ಉತ್ಸಾಹ ನನಗಿಲ್ಲ.

ನನ್ನ ಆಕ್ಷೇಪಣೆ ಇರುವುದು ಆ ದಿನದ ಬಡಿಸುವಿಕೆಯ ಬಗ್ಗೆ. ಜೊತೆಯಲ್ಲಿ ಬಂದಿದ್ದ ಸ್ನೇಹಿತರು ಬದನೆ ಬೇಡವೆಂದರು. ಹಿಂದೆ ಎಂದೋ ಪ್ರವಾಸದಲ್ಲಿ ವಾಂಗೀಬಾತ್ ತಿಂದ ರಾತ್ರಿ ವಾಂತಿಯಾಗಿ ಮಲಗಿದವರು ಅವರು, ಅಂದಿನಿಂದ ಬದನೆಯ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಬಡಿಸುವವರು ಬಿಡಲಿಲ್ಲ. “ನಮ್ಮಲ್ಲಿ ಒಂದು ಸಲ ರುಚಿ ನೋಡಿ ಸರ್, ಆಮೇಲೆ ನೀವೇ ಕೇಳಿ ಹಾಕಿಸ್ಕೊತೀರಿ” ಎನ್ನುತ್ತ ಬೇಡವೆಂದು ಅಡ್ಡ ಹಿಡಿದ ಕೈಯ ಪಕ್ಕದಲ್ಲೇ ಎಲೆಗೆ ಒಂದು ಕಾಯಿ ಹಾಕಿಬಿಟ್ಟರು. ಪ್ರೀತಿಯಿಂದಲೇ ಮಾಡಿದ್ದರೂ ಇದು ಸರಿಯಲ್ಲ. ಒಂದು ಆಹಾರ ತಿಂದ ಮೇಲೆ ಕಾಯಿಲೆ ಬಿದ್ದರೆ, ಕಾಯಿಲೆಗೆ ಆ ಆಹಾರ ಕಾರಣವಲ್ಲದಿದ್ದರೂ ಮಿದುಳು ಅದನ್ನೇ ದೂಷಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಜಾನ್ ಗಾರ್ಸಿಯಾ 1955ರಷ್ಟು ಹಿಂದೆಯೇ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಸ್ಯಾಕರಿನ್ ಬೆರೆಸಿದ ಸಿಹಿ ನೀರು ಕುಡಿಯುವ ಹೊತ್ತಿಗೆ ವಿಕಿರಣಕ್ಕೆ ಒಳಗಾದ ಇಲಿಗಳು ಆಮೇಲೆ ಸಿಹಿ ನೀರಿನಿಂದ ದೂರ ಸರಿದವು. ಇಂಥ ಹೇವರಿಕೆ ತರ್ಕಕ್ಕೆ ಬಗ್ಗುವುದಿಲ್ಲ, ಎಣ್ಣೆಗಾಯಿಯ ಒಗ್ಗರಣೆಗೂ ಬಗ್ಗುವುದಿಲ್ಲ. ಅಲ್ಲದೆ ಬದನೆ ತಿಂದರೆ ಬಾಯಿ ತುರಿಸುವ, ಮೈಮೇಲೆ ದದ್ದು ಏಳುವ ಜನರಿದ್ದಾರೆ. ಕಾರಣ ಕೇಳದೆ ಬಡಿಸುವ ಅಭ್ಯಾಸ ಅವರ ಪಾಲಿಗೆ ಅಪಾಯಕಾರಿ. ಒಳಗಿನಿಂದ ಇದನ್ನು ಗಮನಿಸಿದ ಮನೆಯೊಡತಿ ಹೊಸ ಎಲೆ ಹಾಕಿಸಿ, ತೊವ್ವೆ, ಹಪ್ಪಳ, ಸೌತೆಕಾಯಿ ಕೋಸಂಬರಿ ಕಳಿಸಿದರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು. ಬೇಡವೆನ್ನುವವರಿಗೆ ಈ ಬದಲಿ ವ್ಯವಸ್ಥೆ ಇದೆಯೆಂದು ಹಲಗೆಯ ಮೇಲೇ ಬರೆದರೆ ಓದಿ ಮುಂದೆ ಹೋಗುವವರಲ್ಲಿ ಕೆಲವರಾದರೂ ಒಳಗೆ ಬಂದಾರು.

ಶನಿವಾರದ ಉಪ್ಪಿಟ್ಟಿಗೆ ಸೋದರಳಿಯನನ್ನು ಕರೆದುಕೊಂಡು ಹೋಗಿದ್ದೆ. ಹಾಸ್ಟೆಲಿನಲ್ಲಿರುವ ಹುಡುಗ, ಉಪ್ಪಿಟ್ಟಿಗೆ ಅವರೆಲ್ಲ ಇಟ್ಟಿರುವ ಹೆಸರು ಕಾಂಕ್ರೀಟ್. ಆ ಹೆಸರು ಅನ್ಯಾಯದ್ದಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ನಸುಕಿನಲ್ಲೇ ಮಾಡಿಟ್ಟ ಉಪ್ಪಿಟ್ಟು ಆರುತ್ತಿದ್ದಂತೆ ರವೆಯ ಪಿಷ್ಟ ಬಿಗಿದುಕೊಂಡು ಗಟ್ಟಿಯಾಗುತ್ತದೆ, ಸರಿಯಾಗಿ ಹುರಿಯದ ರವೆಯಾದರೆ ಗಂಟುಗಳೂ ಸೇರಿಕೊಳ್ಳುತ್ತವೆ. ಈ ಮೆಸ್ಸಿನಲ್ಲಿ ಬನ್ಸಿ ರವೆಯನ್ನು ತುಪ್ಪದಲ್ಲಿ ಘಮ ಬರುವವರೆಗೆ ಹುರಿದು, ರವೆಯ ಮೂರರಷ್ಟು ನೀರು ಮರಳುತ್ತಿರುವಾಗ ಒಂದು ಕೈಯಿಂದ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವುತ್ತಾರೆ. ಮುಖ್ಯವಾದ ಮಾತೆಂದರೆ ಒಂದು ಸಲಕ್ಕೆ ಹತ್ತು ಹನ್ನೆರಡು ತಟ್ಟೆಗೆ ಆಗುವಷ್ಟೇ ಮಾಡುತ್ತಾರೆ, ಅದು ಖಾಲಿಯಾದ ಮೇಲೆ ಮತ್ತೆ ಬಾಣಲೆ ಇಡುತ್ತಾರೆ. ಹೀಗಾಗಿ ಕಾಯಬೇಕಾಗುತ್ತದೆ, ಆದರೆ ತಟ್ಟೆಗೆ ಬರುವುದು ಹಬೆಯಾಡುವ, ಬೆರಳಿಗಂಟದ, ನಿಂಬೆಹುಳಿ ಮತ್ತು ತೆಂಗಿನತುರಿ ಹದವಾಗಿ ಬೆರೆತ ಉಪ್ಪಿಟ್ಟು. ಅವರೆಕಾಯಿಯ ಕಾಲದಲ್ಲಿ ಅವರೆಕಾಳು ಹಾಕಿದ್ದು ಇನ್ನೂ ಒಂದು ತೂಕ ಹೆಚ್ಚು. ಹುಡುಗ ತಟ್ಟೆ ಖಾಲಿ ಮಾಡಿ, “ಚೆನ್ನಾಗಿದೆ ಮಾವ, ಆದ್ರೂ ಉಪ್ಪಿಟ್ಟೇ ಅಲ್ವಾ” ಎಂದ. ದೋಸೆ ಸಿಗುವ ಊರಿನಲ್ಲಿ ಈ ತೀರ್ಪಿಗೆ ನನ್ನ ಬಳಿಯೂ ಉತ್ತರವಿಲ್ಲ.

ಮಕ್ಕಳನ್ನು ಕರೆದೊಯ್ಯುವವರಿಗೆ ಒಂದು ಮಾತು. ಎರಡರಿಂದ ಆರು ವರ್ಷದೊಳಗಿನ ಮಕ್ಕಳು ಹೊಸ ಆಹಾರವನ್ನು ತಳ್ಳುವುದು ಬೆಳವಣಿಗೆಯ ಸಹಜ ಹಂತ. ಒಂದೇ ಪದಾರ್ಥವನ್ನು ಒತ್ತಾಯವಿಲ್ಲದೆ ಎಂಟು ಹತ್ತು ಸಲ ಮುಂದಿಟ್ಟ ಮೇಲಷ್ಟೇ ಕೆಲವರು ಒಪ್ಪಿಕೊಳ್ಳುತ್ತಾರೆ. ಒಂದು ಮಧ್ಯಾಹ್ನದ ಊಟದಿಂದ ಪವಾಡ ನಿರೀಕ್ಷಿಸಬೇಡಿ, ಬೆಂಡೆಯ ದಿನದಿಂದ ಆರಂಭಿಸಿ, ಹಾಗಲವನ್ನು ಬಹಳ ಮುಂದಕ್ಕೆ ಹಾಕಿ.

ಎಲೆ ಊಟಕ್ಕೆ 120 ರೂಪಾಯಿ, ಮಕ್ಕಳಿಗೆ 70. ಅನ್ನ, ಸಾರು, ಮಜ್ಜಿಗೆ ಎಷ್ಟು ಬೇಕಾದರೂ ಹಾಕುತ್ತಾರೆ, ಗೊಜ್ಜು ಮತ್ತು ಎಣ್ಣೆಗಾಯಿಯನ್ನು ಎರಡು ಸಲ ಮಾತ್ರ. ನೆಲದ ಮೇಲೆ ಕೂರಲಾಗದವರಿಗೆ ಮೂರು ಮೇಜುಗಳಿವೆ. ಕೈತೊಳೆಯುವ ಜಾಗ ಇಕ್ಕಟ್ಟು, ವಾಹನ ನಿಲ್ಲಿಸಲು ಸ್ಥಳವಿಲ್ಲ. ಹಾಗಲಕಾಯಿ ಗೊಜ್ಜನ್ನು ಮಾತ್ರ ಪಾರ್ಸೆಲ್ ಕೊಡುತ್ತಾರೆ; ಮರುದಿನಕ್ಕೆ ಅದರ ರುಚಿ ಇನ್ನೂ ಏರುವುದರಿಂದ ಸ್ವಲ್ಪ ಹೆಚ್ಚಾಗಿಯೇ ತರುವುದು ಒಳ್ಳೆಯದು. ಈರನಗೆರೆ ಬದನೆ ಬಂದಿದೆಯೇ ಎಂದು ಹಿಂದಿನ ದಿನವೇ ಕೇಳಿ ಹೋಗಿ. ಉಪ್ಪಿಟ್ಟು ಬೇಕಾದವರು ಶನಿವಾರ ಎಂಟು ಗಂಟೆಯೊಳಗೆ ಅಲ್ಲಿರಬೇಕು, ಒಂಬತ್ತರ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.